ಬಾಯಿ ಬಿಡು ಅಪ್ಪಯ್ಯ ಅಂದವಳಿಗೆ

ಪುಟ್ಟಿ,

ನೀನು ಬೆಳಗಿನ ಬಸ್ಸಿಗೆ ಹೇಳದೇ ಹೊರಟುಹೋದೆ, ಮಾಡಿಟ್ಟ ದೋಸೆ ಹಾಗೇ ಇತ್ತು. ಅಮ್ಮ ಎರಡು ದಿನದಿಂದ ನಂಗೆ ಮುಖ ಕೊಟ್ಟು ಕಾಫಿ ಕೊಟ್ಟಿಲ್ಲ. ಫೋನ್ ಮಾಡಿದ್ರೆ ಮತ್ತೆ ನಾನೇ ಜೋರು ಮಾಡ್ತೀನಿ, ಅದಕ್ಕೇ ಬರೀತಾ ಇದೀನಿ.

ನಿಮ್ಮ ಹಲ್ಲು ತಪಾಸಣೆ ಕ್ಯಾಂಪಲ್ಲಿ ಏನಾಯ್ತು ಅಂತ ಇಬ್ಬರಿಗೂ ಗೊತ್ತು, ಅದು ಬಿಡು. ಬರೀ ಅಡಿಕೆನೂ ಕ್ಯಾನ್ಸರ್ ತರತ್ತೆ, ಡಬ್ಲ್ಯುಎಚ್‌ಒ ಸಂಸ್ಥೆ 2004ರಲ್ಲೇ ಹೇಳಿದೆ ಅಂತ ನೀನು ಮೈಕಲ್ಲಿ ಅಂದಾಗ ಹಿಂದೆ ಯಾರೋ ಕಿಸಕ್ಕಂದ್ರು. ಮನೆಗೆ ಬಂದು ನಿನ್ನ ಹಲ್ಲಿನ ಡಾಕ್ಟರ್ ಓದಿನ, ಬಿಡಿಎಸ್ ಫೀಸು ಯಾವ ಅಡಿಕೆ ಮರದಿಂದ ಉದುರಿತು ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು. ಸುಳ್ಳಂತೂ ಅಲ್ಲ, ಆದ್ರೂ ಕೇಳಬಾರದಿತ್ತು. ಮೈಕ್ ಹಿಡಿದು ನೀನು ಒಂಚೂರೂ ತಡವರಿಸಲಿಲ್ಲ, ಅದನ್ನ ಹೇಳೋದೇ ಮರೆತೆ.

ನಿನ್ನೆ ಅಟ್ಟದಿಂದ ಅಜ್ಜಿ ಕುಟ್ಟಾಣಿ ಇಳಿಸಿದೆ. ತಳದಲ್ಲಿ ಇನ್ನೂ ಸುಣ್ಣದ ಕಲೆ ಇದೆ. ನೀನು ಒಂದನೇ ಕ್ಲಾಸಲ್ಲಿದ್ದಾಗ ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಅಜ್ಜಿಗೆ ಕವಳ ಕುಟ್ಟೋಕೆ ಕೂರ್ತಿದ್ದೆ, ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು, ನುಣ್ಣಗಾಗೋ ತನಕ ಟಣಟಣ. ಅಜ್ಜಿಗೆ ಮೊದಲು ಖಾರ ತಡೀಲಿಲ್ಲ, ಸಾರಿಗೆ ಮೆಣಸು ಹಾಕೋದು ಬಿಟ್ವಿ. ಆಮೇಲೆ ಅನ್ನದ ತುತ್ತು ಹಿಡಿಸಲಿಲ್ಲ, ಗಂಜಿ ಮಾಡಿದ್ವಿ. ಕೊನೆಕೊನೆಗೆ ಚಮಚ ಅಡ್ಡ ಹೋಗ್ತಿರಲಿಲ್ಲ, ತುದಿ ಕಡೆಯಿಂದ ಬಿಡಬೇಕಿತ್ತು. ಉಷ್ಣ ಅಂತ ಎಳನೀರು ಕೊಟ್ವಿ ನಾವು! ನೀವು ಸ್ಕ್ರೀನ್ ಮೇಲೆ ಹಾಕಿದ ಫೋಟೋ, ಕೆನ್ನೆ ಒಳಗೆ ಬೆಳ್ಳಗೆ ನಾರು ಕಟ್ಟಿ ಬಾಯಿ ಬಿಗಿದಿತ್ತಲ್ಲ, ಅದು ಅಜ್ಜಿ ಬಾಯೇ. ನಾನು ಎದ್ದು ಹೊರಗೆ ಹೋಗಿದ್ದು ಸಿಟ್ಟಿಗಲ್ಲ. ಕುಟ್ಟಿ ಕೊಡ್ತಿದ್ದಿದ್ದು ನಿಂಗೆ ನೆನಪಿದೆಯಾ ಅಂತ ಕೇಳೋಕೆ ಬಾಯಿ ಬರ್ತಾ ಇಲ್ಲ. ಇದ್ರೆ, ಅದು ನಿನ್ನ ಲೆಕ್ಕಕ್ಕಲ್ಲ ಮಾರಾಯ್ತಿ. ಅಜ್ಜಿಗೆ ಕುಟ್ಟಿ ಕೊಡೇ ಅಂತಿದ್ದೋನು ನಾನು.

ಕಾಲೇಜಲ್ಲಿ ಮುಗಿಸಬೇಕಾದ ಕೇಸಿನ ಕೋಟಾ ಮುಗಿದಿಲ್ಲ, ಡೆಂಚರ್ ಪೇಷಂಟ್ ಟ್ರಯಲ್‌ಗೆ ಬರಲೇ ಇಲ್ಲ ಅಂತ ಅಮ್ಮನ ಹತ್ರ ಅತ್ತಿದ್ಯಂತೆ. ಹಲ್ಲಿನ ಸೆಟ್ಟಿಗೆ ಏನಿಲ್ಲಾಂದ್ರೂ ಐದು ಸಲ ಬರಬೇಕು, ಅಚ್ಚು ತೆಗೆಯೋಕೊಂದ್ಸಲ ಅಳತೆಗೊಂದ್ಸಲ ಅಂತ ನೀನೇ ಹೇಳಿದ್ದೆ, ಅಡಿಕೆ ಕೊನೆ ಕೊಯ್ಲಲ್ಲಿ ಯಾರು ಐದು ದಿನದ ಕೂಲಿ ಬಿಟ್ಟು ಶಿವಮೊಗ್ಗಕ್ಕೆ ಬರ್ತಾರೆ? ಬೈಬೇಡ ಅವರಿಗೆ. ಕವಳ ಬಿಡಿ ಅನ್ನೋದೂ ಅಷ್ಟು ಸಲೀಸಲ್ಲ, ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯೋರಿಗೆ ತೂಕಡಿಕೆ ಹೋಗೋಕೆ ಅದೇ ಬೇಕು, ತಟ್ಟೆ ತಂದಿಡೋನೂ ನಾನೇ. ಊಟ ಬಿಟ್ಟು ಪೋಸ್ಟಿಂಗಿಗೆ ಓಡಬೇಡ. ಗ್ಲೌಸ್ ಇಲ್ಲದೇ ಸೂಜಿ ಮುಟ್ಟಬೇಡ. ಸೊಂಟ ಬಗ್ಗಿಸಿ ನಿಂತೇ ಕೆಲಸ ಮಾಡಬೇಡ, ನಮ್ಮ ಮನೆಯೋರಿಗೆ ಬೆನ್ನು ನೋವು ಮೊದಲಿಂದ... ಸರಿ, ಸಾಕು, ನೀನು ಇದನ್ನ ಓದೋದು ಎರಡು ಕೇಸಿನ ಮಧ್ಯೆ.

ಇನ್ನೊಂದು. ರಾತ್ರಿ ಎಲ್ಲಾ ಮಲಗಿದ ಮೇಲೆ ಬಚ್ಚಲುಮನೆ ಕನ್ನಡಿ ಎದುರು, ಬಾಯಿ ಸರಿಯಾಗಿ ತೆರೆಯತ್ತಾ ಅಂತ ನೀನು ಜನಕ್ಕೆ ಮಾಡಿಸಿದ ಹಾಗೇ ಮೂರು ಬೆರಳು ಜೋಡಿಸಿ ನೆಟ್ಟಗೆ ಬಾಯಿಗಿಟ್ಟು ನೋಡಿದೆ. ಎರಡು ಆರಾಮಾಗಿ ಹೋಯ್ತು. ಮೂರನೇದು ಸರಿ ಹೋಗಲಿಲ್ಲ. ನನ್ನ ಬೆರಳೂ ದಪ್ಪ ಇದೆ ಅನ್ನು.

ಅಮ್ಮಂಗೆ ಹೇಳಬೇಡ. ಸೋಮವಾರ ಮಂಡಿಗೆ ಬರೋದಿದೆ ನಂಗೆ. ನಿಮ್ಮ ಓಪಿಡಿ ಚೀಟಿ ಎಷ್ಟೊತ್ತಿಗೆ ಕೊಡ್ತಾರೆ? ನಂದೂ ಒಂದು ಕೇಸು ಅಂತ ನಿನ್ನ ಕೋಟಾಕ್ಕೆ ಸೇರತ್ತಾ?

ಅಪ್ಪಯ್ಯ