ಸಹಿ ರೋಗಿಯದು, ನಿರ್ಧಾರವೂ ಅವರದೇ ಆಗಲಿ

ಮಾನ್ಯ ಸಂಪಾದಕರೇ,

ಕ್ಯಾನ್ಸರಿನ ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗೆ ಸೇರಬಹುದೆಂದು ವೈದ್ಯರು ಸೂಚಿಸಿದಾಗ, ನಮ್ಮಲ್ಲಿ ಎಷ್ಟೋ ಸಲ ಆ ಮಾತು ಮೊದಲು ತಲುಪುವುದು ರೋಗಿಯ ಮಗನಿಗೋ ಮಗಳಿಗೋ ಅಳಿಯನಿಗೋ. ‘ಸಣ್ಣ ಗಡ್ಡೆ, ವಾಸಿಯಾಗುತ್ತದೆ’ ಎಂದಷ್ಟೇ ಹೇಳಿ, ಕಾಯಿಲೆಯ ಹೆಸರನ್ನೇ ರೋಗಿಯಿಂದ ಮುಚ್ಚಿಟ್ಟ ಮನೆಗಳು ಇಂದಿಗೂ ಇವೆ. ಅದರ ಹಿಂದಿರುವುದು ಪ್ರೀತಿಯೇ ಹೊರತು ಬೇರೇನಲ್ಲ. ಆದರೆ ತನಗೇನಾಗಿದೆ ಎಂಬುದೇ ತಿಳಿಯದವರು ಪ್ರಯೋಗದಲ್ಲಿರುವ ಔಷಧಕ್ಕೆ ಒಪ್ಪಿಗೆ ಕೊಡುವುದಾದರೂ ಹೇಗೆ? 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಒಪ್ಪಿಗೆ ನೀಡಲು ಶಕ್ತರಾದ ವಯಸ್ಕ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ, ಅವರಿಂದಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಓದಲು ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಜೊತೆಗಿರಬೇಕು.

ಟ್ರಯಲ್ ಎಂದೊಡನೆ ಕೆಲವರು ‘ನಮ್ಮನ್ನು ಇಲಿ ಮಾಡುತ್ತಾರೆ’ ಎಂದು ಹೆದರುತ್ತಾರೆ, ಕೆಲವರು ಇದೇ ಕೊನೆಯ ಸಂಜೀವಿನಿ ಎಂದು ನಂಬುತ್ತಾರೆ. ಎರಡೂ ಸರಿಯಲ್ಲ. ಮೊದಲ ಹಂತದ ಟ್ರಯಲ್‌ನ ಮುಖ್ಯ ಉದ್ದೇಶ ಔಷಧ ಎಷ್ಟು ಸುರಕ್ಷಿತ, ಯಾವ ಪ್ರಮಾಣವನ್ನು ದೇಹ ತಾಳಿಕೊಳ್ಳುತ್ತದೆ ಎಂದು ತಿಳಿಯುವುದು. ಮೂರನೆಯ ಹಂತದಲ್ಲಿ ಹೊಸ ಚಿಕಿತ್ಸೆಯನ್ನು ಸಾಮಾನ್ಯವಾಗಿ ಈಗಿನ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ, ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಹಾಗಾಗಿ ಇದು ಯಾವ ಹಂತ, ಸೇರದಿದ್ದರೆ ಸಿಗುವ ಚಿಕಿತ್ಸೆ ಯಾವುದು, ಹೆಚ್ಚುವರಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳಿಗೆ ಎಷ್ಟು ಸಲ ಬರಬೇಕು ಎಂದು ರೋಗಿಯೇ ಕೇಳಬೇಕು. ರಾಯಚೂರಿನಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ ಬರುವವರಿಗೆ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಟ್ರಯಲ್‌ನಿಂದಾಗಿ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಪಡೆಯುವ ಹಕ್ಕಿದೆ. ಯಾವ ಕ್ಷಣದಲ್ಲಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು.

ಇಷ್ಟೆಲ್ಲವನ್ನೂ ಹೊರರೋಗಿ ವಿಭಾಗದ ಗದ್ದಲದಲ್ಲಿ, ಹತ್ತಾರು ಪುಟಗಳ ಕಾಗದ ಮುಂದಿಟ್ಟುಕೊಂಡು ಅರಗಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಸಹಿಯಾದ ಒಪ್ಪಿಗೆ ಪತ್ರದ ಪ್ರತಿಯನ್ನು ರೋಗಿಗೋ ಅವರ ಕಡೆಯವರಿಗೋ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಆಸ್ಪತ್ರೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಹಿಗೆ ಮೊದಲೇ ಕನ್ನಡದ ಮಾಹಿತಿ ಪತ್ರವನ್ನು ಮನೆಗೆ ಕೊಟ್ಟು ಕಳುಹಿಸಲಿ. ಮರಳಿ ಬಂದಾಗ ರೋಗಿಯ ಎದುರಿಗೇ ಕುಳಿತು, ಸಾವಧಾನವಾಗಿ ಅವರ ಪ್ರಶ್ನೆಗಳಿಗೆ ಉತ್ತರಿಸಬಲ್ಲ ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ಪ್ರತಿಯೊಂದು ಟ್ರಯಲ್ ಕೇಂದ್ರವೂ ನೇಮಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಯಾನ್ಸರ್ ರೋಗಿಯೊಬ್ಬರ ಮಗಳು, ಮೈಸೂರು