ಬೀಗ ಹಾಕಿದ ಮನೆಗೆ ಎಂಟು ಲಕ್ಷ ಲೀಟರ್ ನೀರಿನ ಬಿಲ್ಲು: ಪೌರಾಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ,

ನಮಸ್ಕಾರಗಳು.

ನಾನು ನಿವೃತ್ತ ಶಾಲಾ ಶಿಕ್ಷಕಿ. ಈಗ ಮಗಳ ಜೊತೆ ದಾವಣಗೆರೆಯಲ್ಲಿದ್ದೇನೆ. ನನ್ನ ತವರು ಮನೆ ಇರುವುದು ಮಲೆನಾಡಿನ ಒಂದು ಊರಿನಲ್ಲಿ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಂದು ಕಚೇರಿಯ ಮೇಲೆ ದೂರು ಹೇಳುವುದಷ್ಟೇ ನನ್ನ ಉದ್ದೇಶವಾಗಿದ್ದರೆ ತಮ್ಮವರೆಗೆ ಬರುತ್ತಿರಲಿಲ್ಲ. ರಾಜ್ಯದಲ್ಲಿ ಬೀಗ ಹಾಕಿದ ಮನೆ ಇರುವ ಎಲ್ಲರಿಗೂ ಒಂದು ಆದೇಶ ಬೇಕಾಗಿದೆ, ಅದನ್ನು ಹೊರಡಿಸಬಲ್ಲವರು ತಾವು. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲೇ ಬೇಡಿಕೆ ಹೇಳಿಬಿಡುತ್ತೇನೆ. ಖಾಲಿ ಮನೆಯ ಮೀಟರನ್ನು ನೋಡದೆ ಬಿಲ್ಲು ಹಾಕಬೇಡಿ. ಬಳಸದ ನೀರಿಗೆ, ಹರಿಸದ ಕೊಳಚೆಗೆ ಹಣ ಕೇಳಬೇಡಿ.

ನಮ್ಮ ಅಪ್ಪ 1986ರಲ್ಲಿ ಕಟ್ಟಿಸಿದ ಹಂಚಿನ ಮನೆ ಅದು. 2021ರ ಜನವರಿಯಲ್ಲಿ ಅಮ್ಮ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮೇಲೆ ಒಳಗಿನ ಗೇಟ್ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ, ಮನೆಗೆ ಬೀಗ ಹಾಕಿ, ಒಂದು ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು ಬಂದೆವು. ಅಲ್ಲಿಂದಾಚೆಗೆ ಆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಅಮ್ಮನ ತಿಥಿಗೆ. ಎರಡು ದಿನ ಇರುತ್ತೇವೆ, ಗುಡಿಸಿ ಒರೆಸಿ, ಅಡುಗೆ ಮಾಡಿ, ಮತ್ತೆ ಬೀಗ ಹಾಕಿ ಬರುತ್ತೇವೆ.

2024ರಲ್ಲಿ ಪಕ್ಕದ ಮನೆಯವರು ಫೋನ್ ಮಾಡಿ, ಗೇಟಿಗೆ ನೋಟಿಸು ಅಂಟಿಸಿದ್ದಾರೆ ಅಂದರು. ನೀರು ಮತ್ತು ಯುಜಿಡಿ (ಒಳಚರಂಡಿ) ಬಾಕಿ 17,846 ರೂಪಾಯಿ. ಅಮ್ಮನ ಹೆಸರಿನಲ್ಲಿ. ಹೋಗಿ ನೋಡಿದರೆ ಗೇಟಿನ ಒಳಗಡೆ, ನಂದಿಬಟ್ಟಲು ಗಿಡದ ಬುಡದಲ್ಲಿ, ಮಳೆಗೆ ನೆನೆದು ಅಂಟಿಕೊಂಡ ಬಿಲ್ಲುಗಳ ಕಂತೆ. ಒಂದೊಂದಾಗಿ ಬಿಡಿಸಿ ಜಗಲಿಯ ಮೇಲೆ ಒಣಗಿಸಿದೆ. ಮಸಿ ಹೋಗದೆ ಉಳಿದಿದ್ದ ಎಲ್ಲದರಲ್ಲೂ ಒಂದೇ ಅಂಕಿ: ಬಳಕೆ 22 ಸಾವಿರ ಲೀಟರ್, ನೀರಿಗೆ 264, ಯುಜಿಡಿ 66, ಒಟ್ಟು 330 ರೂಪಾಯಿ. ಷರಾ ಕಾಲಂನಲ್ಲಿ ‘ಡೋರ್ ಲಾಕ್, ಸರಾಸರಿ’. ನಲವತ್ತು ತಿಂಗಳು ಹೀಗೇ. ಅದರ ಮೇಲೆ ದಂಡ, ಬಡ್ಡಿ.

ಈ 22 ಸಾವಿರ ಎಲ್ಲಿಂದ ಬಂತು ಎಂದು ಕಚೇರಿಯಲ್ಲಿ ಕೇಳಿದೆ. ಗುಮಾಸ್ತರು ಕಂಪ್ಯೂಟರ್ ನೋಡಿ ಹೇಳಿದರು: ‘ಮೀಟರ್ ಓದೋಕೆ ಆಗದಿದ್ರೆ ಕೊನೇ ಮೂರು ತಿಂಗಳ ಸರಾಸರಿ ತಗೋತೀವಿ ಮೇಡಂ.’ ನವೆಂಬರಿನಲ್ಲಿ 18 ಸಾವಿರ ಲೀಟರ್, ಡಿಸೆಂಬರಿನಲ್ಲಿ 20 ಸಾವಿರ, ಜನವರಿಯಲ್ಲಿ 28 ಸಾವಿರ.

ಸ್ವಾಮಿ, ಆ ಮೂರು ತಿಂಗಳು ಯಾವುವು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ನವೆಂಬರಿನಲ್ಲಿ ಅಮ್ಮ ಹಾಸಿಗೆ ಹಿಡಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಸಿಗೆ ಬಟ್ಟೆ ಬದಲಿಸಿ ಒಗೆಯುತ್ತಿದ್ದೆವು. ಬಚ್ಚಲ ಹಂಡೆ ಖಾಲಿಯಾದದ್ದೇ ಇಲ್ಲ, ಸದಾ ಬಿಸಿನೀರು ಬೇಕಾಗುತ್ತಿತ್ತು. ಡಿಸೆಂಬರಿನಲ್ಲಿ ಅಕ್ಕ, ತಮ್ಮ, ಅವರ ಮನೆಯವರು ಎಲ್ಲ ಬಂದು ಉಳಿದರು. ಜನವರಿ ಅಮ್ಮ ಹೋದ ತಿಂಗಳು. ಹನ್ನೆರಡು ದಿನ ಮನೆ ತುಂಬ ಜನ, ಮುಟ್ಟಿದ್ದಕ್ಕೆಲ್ಲ ಸ್ನಾನ, ವೈಕುಂಠ ಸಮಾರಾಧನೆಯ ದಿನ ಹಿತ್ತಲಲ್ಲಿ ಪಾತ್ರೆ ತೊಳೆಯಲು ಇಬ್ಬರು. ಆ ನೀರಿನ ಹಣವನ್ನು ನಾವು ಆಗಲೇ ಕಟ್ಟಿದ್ದೇವೆ, ರಸೀದಿ ಇದೆ. ಆದರೆ ಆ ಮೂರು ತಿಂಗಳನ್ನೇ ಸರಾಸರಿ ಮಾಡಿ, ಯಾರೂ ಇಲ್ಲದ ಮನೆಗೆ ನಲವತ್ತು ತಿಂಗಳು ಬಿಲ್ಲು ಹಾಕಿದ್ದಾರೆ. ಅಮ್ಮನನ್ನು ತೊಳೆದ ನೀರಿನ ಲೆಕ್ಕ ಹಿಡಿದು ಅಮ್ಮ ಇಲ್ಲದ ಮನೆಗೆ ಬಿಲ್ಲು! ಇದಕ್ಕೆ ಯಾರಿಗಾದರೂ ಹೇಗೆ ಮನಸ್ಸು ಬರುತ್ತದೆ? ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ನಲವತ್ತು ಸಲ ಗೇಟಿನವರೆಗೆ ಬಂದು ಬಿಲ್ಲು ಎಸೆದು ಹೋದ ಮನುಷ್ಯರಿಗೂ ಗೊತ್ತಾಗಲಿಲ್ಲವೆ? ಕೀಲಿ ಹತ್ತು ಹೆಜ್ಜೆ ದೂರದಲ್ಲಿತ್ತು.

ನೀರು ಬಿಡುವ ಹುಡುಗನನ್ನು ಕರೆದುಕೊಂಡು ಬಂದು ಮೀಟರ್ ಪೆಟ್ಟಿಗೆ ತೆಗೆಸಿದೆ. ಗಾಜಿನ ಒಳಗೆ ಹಬೆ ಕೂತಿತ್ತು, ಮೇಲೆ ಮಣ್ಣು. ಸೆರಗಿನಿಂದ ಒರೆಸಿ ಟಾರ್ಚ್ ಹಿಡಿದೆ. 2021ರ ಜನವರಿಯ ಬಿಲ್ಲಿನಲ್ಲಿ 1,486 ಇದ್ದದ್ದು ಈಗ 1,489; ಒಂದು ಅಂಕಿ ಎಂದರೆ ಸಾವಿರ ಲೀಟರ್. ಮೂರು ವರ್ಷ ನಾಲ್ಕು ತಿಂಗಳಲ್ಲಿ ಮೂರು ಸಾವಿರ ಲೀಟರ್, ಅಂದರೆ ಮೂರು ತಿಥಿಗಳ ನೀರು. ಬಿಲ್ಲಿನ ಪ್ರಕಾರ ಎಂಟು ಲಕ್ಷ ಎಂಬತ್ತು ಸಾವಿರ. ಮನೆಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕ್ 880 ಸಲ ತುಂಬಿ ಖಾಲಿಯಾಗಿರಬೇಕು.

ಯುಜಿಡಿಯದ್ದು ಇನ್ನೂ ಸಂಕಟ. ಬಚ್ಚಲ ಟ್ರ್ಯಾಪ್ ಎಂದರೆ ನಾತ ಒಳಗೆ ಬಾರದಂತೆ ನೀರು ನಿಲ್ಲುವ ಪೈಪಿನ ಬಾಗು; ಬಳಸದ ಮನೆಯಲ್ಲಿ ಆ ನೀರು ಆರಿಹೋಗುತ್ತದೆ, ಆಗ ಒಳಚರಂಡಿಯ ನಾತ, ಜಿರಲೆ ನೇರವಾಗಿ ಮನೆಯೊಳಗೆ ಬರುತ್ತವೆ. ಪ್ರತಿ ವರ್ಷ ಬಾಗಿಲು ತೆಗೆದ ಕೂಡಲೇ ಮೂಗು ಮುಚ್ಚಿಕೊಂಡು ಎರಡು ಬಿಂದಿಗೆ ನೀರು ಸುರಿಯುವುದೇ ನನ್ನ ಮೊದಲ ಕೆಲಸ. ಆ ಪೈಪಿನಲ್ಲಿ ನೀರು ಹರಿದಿದ್ದರೆ ಟ್ರ್ಯಾಪ್ ಒಣಗುತ್ತಿತ್ತೆ? ನಾತ ಸಹಿಸುವವರು ನಾವು, ಹರಿಸದ ಕೊಳಚೆಗೆ ತಿಂಗಳಿಗೆ 66 ರೂಪಾಯಿ ಕೊಡಬೇಕಾದವರೂ ನಾವೇ.

ನಾನು ಪುಕ್ಕಟೆ ಕೇಳುತ್ತಿಲ್ಲ. ನೀರು ಬರಲಿ ಬಿಡಲಿ, ಪಂಪು, ಪೈಪು, ವಾಲ್ವ್ ಮನ್, ಕೊಳಚೆ ನೀರಿನ ಘಟಕದ ಕರೆಂಟು ಇವಕ್ಕೆಲ್ಲ ಖರ್ಚಿದೆ, ಸಂಪರ್ಕ ಇಟ್ಟುಕೊಂಡವರು ಅದರಲ್ಲಿ ಪಾಲು ಕೊಡಬೇಕು. ಅದಕ್ಕೇ ಕನಿಷ್ಠ ಶುಲ್ಕ ಎಂಬುದು ಇರುವುದು. ಬೆಂಗಳೂರಿನಲ್ಲಿ 2014ರ ದರಪಟ್ಟಿಯಲ್ಲಿ ಮೊದಲ 8,000 ಲೀಟರಿಗೆ ಸಾವಿರಕ್ಕೆ 7 ರೂಪಾಯಿಯಂತೆ ಕನಿಷ್ಠ 56 ರೂಪಾಯಿ ಇತ್ತು. ಅಂಥ ಕನಿಷ್ಠ ಶುಲ್ಕವನ್ನು ಕೊಡಲು ನಾನು ಇವತ್ತೂ ಸಿದ್ಧ. ಕನಿಷ್ಠ ಶುಲ್ಕವೇ ಬೇರೆ, ಊಹೆಯ ಬಳಕೆಯೇ ಬೇರೆ. ಅದೇ ಮನೆಯ ಕರೆಂಟ್ ಬಿಲ್ಲು ನೋಡಿ: ನಿಗದಿತ ಶುಲ್ಕಕ್ಕೆ ಒಂದು ಸಾಲು, ಯೂನಿಟ್ಟಿಗೆ ಇನ್ನೊಂದು ಸಾಲು, ಯೂನಿಟ್ ಸೊನ್ನೆ. ಬೇರೆಬೇರೆಯಾಗಿರುವುದರಿಂದ ಯಾವುದಕ್ಕೆ ಎಷ್ಟು ಎಂದು ನನಗೇ ತಿಳಿಯುತ್ತದೆ. ಕರೆಂಟಿನ ದರ ಏರಿಸಬೇಕಾದರೆ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ಕರೆಯುತ್ತದೆ, ಯಾರು ಬೇಕಾದರೂ ಹೋಗಿ ಆಕ್ಷೇಪ ಹೇಳಬಹುದು. ನೀರಿನ ಬಿಲ್ಲಿನ ವಿಷಯದಲ್ಲಿ ನನ್ನ ಮಾತು ಕೇಳಲು ಇದ್ದದ್ದು ಒಂದು ಕೌಂಟರ್ ಮಾತ್ರ.

ಆ ಕೌಂಟರಿಗೆ ಆರು ಸಲ ಹೋಗಿದ್ದೇನೆ. ದಾವಣಗೆರೆಯಿಂದ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದೊಂದು ಉಪಕಾರ, ಅದಕ್ಕೆ ಸರ್ಕಾರಕ್ಕೆ ಕೃತಜ್ಞಳು. ಆದರೆ ಮೊಣಕಾಲು ನೋವಿನಲ್ಲಿ ಬೆಂಚಿನ ಮೇಲೆ ಕೂತು ಕೇಳಿದ ಉತ್ತರಗಳು ಇವು. ‘ಮನೆ ಖಾಲಿ ಇದೆ ಅಂತ ಅರ್ಜಿ ಕೊಟ್ಟಿದ್ರಾ?’ ಯಾವ ಫಾರಂ ಎಂದರೆ, ‘ಅದಕ್ಕೆ ಫಾರಂ ಇಲ್ಲ.’ ಸಂಪರ್ಕ ಕಡಿದುಬಿಡಿ ಎಂದರೆ, ‘ಮೊದಲು ಪೂರ್ತಿ ಬಾಕಿ ಕಟ್ಟಿ. ಮತ್ತೆ ಬೇಕಾದ್ರೆ ಹೊಸ ಕನೆಕ್ಷನ್, ಡೆಪಾಸಿಟ್ಟು, ರಸ್ತೆ ಅಗೆತದ ಶುಲ್ಕ.’ ಸ್ವಲ್ಪ ಕಾಲ ನಿಲ್ಲಿಸಿಡಿ ಎಂದರೆ, ‘ಹಂಗೆಲ್ಲ ಇಲ್ಲ ಮೇಡಂ.’ ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಅರ್ಜಿಗೆ ಸ್ವೀಕೃತಿ ಮೊಹರು ಬಿದ್ದದ್ದು ಮೂರನೇ ಸಲ ಹೋದಾಗ. ಮೀಟರಿನ ಫೋಟೋ ತೋರಿಸಿದೆ, ನೋಡಿದರು, ಫೋನ್ ವಾಪಸ್ ಕೊಟ್ಟರು. ಈಗ ಮನೆಯ ಖಾತೆಯನ್ನು ಅಮ್ಮನ ಹೆಸರಿನಿಂದ ನಮ್ಮ ಹೆಸರಿಗೆ ಮಾಡಿಸಲು ಹೋದರೆ, ನೀರಿನ ಬಾಕಿ ತೀರಿಸಿದ ರಸೀದಿ ತನ್ನಿ ಎನ್ನುತ್ತಾರೆ. ಕಟ್ಟಿದರೆ ತಪ್ಪು ಬಿಲ್ಲನ್ನು ಒಪ್ಪಿಕೊಂಡಂತೆ, ಕಟ್ಟದಿದ್ದರೆ ಮನೆ ಸತ್ತವರ ಹೆಸರಿನಲ್ಲೇ.

1964ರ ಪುರಸಭೆಗಳ ಕಾಯ್ದೆ, 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ಅವುಗಳ ಕೆಳಗೆ ಮಾಡಿದ ನಿಯಮಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತು. 2011ರ ಸಕಾಲ ಕಾಯ್ದೆ ಬಂದ ಮೇಲೆ ಇಂಥ ಸೇವೆ ಇಷ್ಟು ದಿನದಲ್ಲಿ ಆಗಬೇಕು ಎಂಬ ಲೆಕ್ಕ ಜನರಿಗೂ ತಿಳಿದಿದೆ. ‘ಮನೆ ಖಾಲಿ ಇದೆ, ಬಂದು ಮೀಟರ್ ನೋಡಿ’ ಎಂಬ ಒಂದು ಸಾಲಿನ ಅರ್ಜಿಗೂ ಹಾಗೆಯೇ ದಿನ ಗೊತ್ತು ಮಾಡಲು ಎಷ್ಟು ಕಷ್ಟ?

ಇದು ನನ್ನೊಬ್ಬಳದೇ ಅಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 2 ಕೋಟಿ 46 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಎಂದು ಎಣಿಸಿದ್ದರು. ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಿಗೆ ಬೀಗವಿದೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ, ಹಿರಿಯರು ಇಲ್ಲ. ಮಾರಲು ಮನಸ್ಸಿಲ್ಲ, ಬಾಡಿಗೆಗೆ ಕೊಡಲು ಹಂಚು ಸೋರುತ್ತದೆ. ಅವರ ಗೇಟಿನೊಳಗೂ ಬಿಲ್ಲುಗಳು ನೆನೆಯುತ್ತ ಬಿದ್ದಿವೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಖಾಲಿ ಮನೆಗೆ ಕನಿಷ್ಠ ಶುಲ್ಕ ಮಾತ್ರ ಹಾಕಿ. ಬಾಗಿಲು ಹಾಕಿದ್ದರೆ ಸರಾಸರಿ ಬಿಲ್ಲು ಎರಡು ತಿಂಗಳು ದಾಟಬಾರದು, ಆಮೇಲೆ ಮೀಟರ್ ನೋಡಲೇಬೇಕು, ನೋಡಿದ ಮೇಲೆ ಹೆಚ್ಚು ಪಡೆದದ್ದನ್ನು ಕಳೆಯಲೇಬೇಕು. ನೀರು ಹೋಗದ ಮನೆಗೆ ಯುಜಿಡಿ ಲೆಕ್ಕ ಹಾಕಬೇಡಿ. ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಲು ಒಂದು ಫಾರಂ ಮಾಡಿ. ಮೀಟರ್ ನೋಡದೆ ಬಿಲ್ಲು ಹಾಕಬೇಡಿ, ಸ್ವಾಮಿ, ನೋಡದೆ ಹಾಕಬೇಡಿ.

ಮುಂದಿನ ಪುಷ್ಯ ಮಾಸದಲ್ಲಿ ತಿಥಿಗೆ ಹೋಗುತ್ತೇನೆ. ಕೀಲಿ ಈಗಲೂ ಪಕ್ಕದ ಮನೆಯಲ್ಲೇ ಇದೆ. ಅಷ್ಟರೊಳಗೆ ಯಾರನ್ನಾದರೂ ಕಳಿಸಿ ಆ ಮೀಟರ್ ಓದಿಸಿ.

ಇಂತು ತಮ್ಮ ವಿಶ್ವಾಸಿ,
ಬಿಲ್ಲಿನಲ್ಲಿ ಹೆಸರಿರುವ ತಾಯಿಯ ಎರಡನೇ ಮಗಳು