ಹದಿನೈದಕ್ಕೆ ಏಳು

ಗ್ಲಾಸ್ಗೋ,
ಭಾನುವಾರ

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ಫೋನಿನಲ್ಲಿ ಅರ್ಧ ಹೊತ್ತು ಇಬ್ಬರೂ ಅಳುತ್ತೇವೆ, ಉಳಿದರ್ಧದಲ್ಲಿ ಯಾರಾದರೂ ನಿಮ್ಮ ಕೈಗೆ ಔಷಧದ ಚೀಟಿ ಕೊಟ್ಟು ಓಡಿಸುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇನೆ, ಬಿಡುವಾದಾಗ ಓದಿ ಅಣ್ಣನಿಗೂ ತೋರಿಸಿ.

ತಲೆಗೆ ಪೆಟ್ಟು ಬಿದ್ದು ಮಲಗಿರುವ ನಮ್ಮ ಪುಟ್ಟುವಿಗೆ ಎಷ್ಟು ಎಚ್ಚರವಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ ಬಗ್ಗೆ ಅಣ್ಣ ನಿನ್ನೆ "ಹದಿನೈದಕ್ಕೆ ಏಳಂತೆ, ಅರ್ಧವೂ ಬಂದಿಲ್ಲ" ಎಂದ. ಮೇಷ್ಟರ ಕೆಲಸ ಮಾಡಿದವನಿಗೆ ಎಲ್ಲವೂ ಉತ್ತರಪತ್ರಿಕೆಯೇ. ಅವನ ಲೆಕ್ಕದಲ್ಲೇ ಹೇಳುತ್ತೇನೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6. ಏನೂ ಮಾಡದವನಿಗೂ 3 ಸಿಗುತ್ತದೆ, ಸೊನ್ನೆ ಇಲ್ಲವೇ ಇಲ್ಲ. ಪುಟ್ಟುವಿನ ಗಂಟಲಿನಲ್ಲಿ ಉಸಿರಾಟದ ನಳಿಗೆ ಇರುವುದರಿಂದ ಮಾತಿನ ಪರೀಕ್ಷೆಗೆ ಅವನು ಕುಳಿತೇ ಇಲ್ಲ, ಅಲ್ಲಿ 'ಟಿ', ಅಂದರೆ ಟ್ಯೂಬ್, ಎಂದು ಬರೆದಿರುತ್ತಾರೆ. ಅಂದರೆ ಉಳಿದ 10ಕ್ಕೆ 7. ನೋವು ಮಾಡಿದ ಜಾಗಕ್ಕೆ ಕೈ ತರುತ್ತಾನೆ ಎಂದಿರಲ್ಲ, ಆ ಒಂದಕ್ಕೇ 5 ಬಂದಿದೆ. "ಬೆರಳು ಎತ್ತು" ಎಂದಾಗ ಎತ್ತಿದರೆ 6. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟು ತೀವ್ರವಾದದ್ದು ಎನ್ನುತ್ತಾರೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಡಾಕ್ಟರನ್ನು ಒಟ್ಟು ಎಷ್ಟು ಎಂದು ಕೇಳಬೇಡಿ, ಮೂರನ್ನೂ ಬಿಡಿಬಿಡಿಯಾಗಿ ಕೇಳಿ ನನಗೆ ಬರೆಯಿರಿ.

ಈ ಅಳತೆ ಹುಟ್ಟಿದ್ದು ನಾನಿರುವ ಇದೇ ಊರಿನಲ್ಲಿ. ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನ್ನೆಟ್ ಎಂಬ ವೈದ್ಯರು 1974ರಲ್ಲಿ ಇದನ್ನು ಪ್ರಕಟಿಸಿದರು. ಪುಟ್ಟು ಈಗ ಇರುವ ನಿಮ್ಹಾನ್ಸ್ ಆಸ್ಪತ್ರೆ ಸ್ಥಾಪನೆಯಾದದ್ದೂ ಅದೇ ವರ್ಷ. ಇಲ್ಲಿ ನಮ್ಮ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ನಾನು ತುಂಬುವ ಹಾಳೆಯನ್ನೇ ಅಲ್ಲಿ ಅವನ ಮಂಚದ ಬಳಿ ಇನ್ನೊಬ್ಬ ನರ್ಸ್ ತುಂಬುತ್ತಿರುತ್ತಾಳೆ ಎಂದು ನೆನೆದರೆ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ಈಗ ಮುಖ್ಯವಾದ ಮಾತು. ಎಚ್ಚರವಾಗುವುದು ಸಿನಿಮಾದಲ್ಲಿ ತೋರಿಸುವ ಹಾಗಿರುವುದಿಲ್ಲ ಅತ್ತಿಗೆ. ಕಣ್ಣು ಬಿಟ್ಟು "ಅಮ್ಮಾ" ಎನ್ನುತ್ತಾನೆ ಎಂದು ಕಾಯಬೇಡಿ. ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಕಿತ್ತುಹಾಕಬಹುದು. ನಳಿಗೆ ತೆಗೆದ ಮೇಲೆ, ಮನೆಯಲ್ಲಿ ಎಂದೂ ಆಡದ ಬೈಗುಳ ಬಾಯಿಂದ ಬರಬಹುದು. ನಿಮ್ಮನ್ನೇ ತಳ್ಳಬಹುದು. ತಾತ ಈಗತಾನೇ ಬಂದು ಹೋದರು ಎಂದು ತೀರಿಹೋದವರ ಬಗ್ಗೆ ಹೇಳಬಹುದು. ಆಗ ನೀವು ಕುಸಿಯುತ್ತೀರಿ, ನಾವು ನರ್ಸ್‌ಗಳು ಒಳಗೊಳಗೇ ಸಮಾಧಾನಪಡುತ್ತೇವೆ, ಏಕೆಂದರೆ ಹೆಚ್ಚಿನವರು ಚೇತರಿಸಿಕೊಳ್ಳುವಾಗ ಈ ಹಂತವನ್ನು ದಾಟಿಯೇ ಹೋಗುತ್ತಾರೆ. ವಾದ ಮಾಡಬೇಡಿ. "ನಾನು ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡಲೇಬೇಡಿ. ನೀವೇ ಹೇಳಿಬಿಡಿ: "ಪುಟ್ಟು, ನಾನು ಅಮ್ಮ. ಇದು ಆಸ್ಪತ್ರೆ. ಬೈಕಿನಿಂದ ಬಿದ್ದೆ, ಈಗ ನೋಡಿಕೊಳ್ಳುತ್ತಿದ್ದಾರೆ. ಇವತ್ತು ಮಂಗಳವಾರ." ಇಷ್ಟೇ, ನಿಧಾನವಾಗಿ, ಎಷ್ಟು ಸಲ ಬೇಕಾದರೂ. ಈ ದಿನಗಳು ಅವನಿಗೆ ಮುಂದೆ ನೆನಪಿರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆರಡು ಸಾಲು ಬರೆದಿಡಿ, ಆಮೇಲೆ ಅವನೇ ಕೇಳುತ್ತಾನೆ. ಹೆಲ್ಮೆಟ್ಟನ್ನು ಕೈಗೆ ಸಿಕ್ಕಿಸಿಕೊಂಡು ಹೋಗಿದ್ದಕ್ಕೆ ನನ್ನ ಬಳಿಯೂ ಬೈಗುಳ ಸಾಕಷ್ಟಿವೆ, ಅವನ್ನು ಸದ್ಯಕ್ಕೆ ಕಟ್ಟಿಟ್ಟಿದ್ದೇನೆ.

ಅಮ್ಮ ತಿಪಟೂರಿನಿಂದ ತೀರ್ಥ ಕಳುಹಿಸಿದ್ದಾರಂತೆ. ಹಣೆಗೆ ಹಚ್ಚಿ, ಬಾಯಿಗೆ ಒಂದು ಹನಿಯೂ ಬೇಡ. ಎಳನೀರೂ ಬೇಡ, ಗಂಜಿಯೂ ಬೇಡ. ನುಂಗುವ ಶಕ್ತಿ ಬಂದಿದೆಯೇ ಎಂದು ಪರೀಕ್ಷಿಸುವ ಮೊದಲು ಕೊಟ್ಟದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೆಮ್ಮು ಕೂಡ ಬಾರದೆ ಇಳಿಯಬಹುದು, ಹಾಗಾಗಿ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಅಮ್ಮನಿಗೆ ನಾನೇ ಹೇಳುತ್ತೇನೆ, ನಿಮ್ಮ ಮೇಲೆ ಬರುವುದು ಬೇಡ.

ತಲೆಯ ಮೂಳೆಯನ್ನು ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟಿದ್ದಾರೆ ಎಂದು ನೀವು ಹೆದರಿದ್ದೀರಿ. ಅದು ಹಳೆಯ, ಗೊತ್ತಿರುವ ಕ್ರಮ. ಊದಿಕೊಂಡ ಮಿದುಳಿಗೆ ಜಾಗ ಬೇಕು. ಊತ ಇಳಿದ ಮೇಲೆ ಅದೇ ಮೂಳೆಯನ್ನು ಮತ್ತೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಬದಿಗೆ ಒತ್ತು ಬೀಳದಂತೆ ಮಲಗಿಸಬೇಕು, ಅಷ್ಟೇ.

ನೋಡಲು ಬರುವವರ ವಿಷಯದಲ್ಲಿ ನೀವು ಸ್ವಲ್ಪ ಕೆಟ್ಟವರಾಗಲೇಬೇಕು. ಪೆಟ್ಟು ಬಿದ್ದ ಮಿದುಳಿಗೆ ಮಾತು, ಬೆಳಕು, ಟಿವಿ ಎಲ್ಲವೂ ದಣಿವು. ಒಬ್ಬರು ಒಳಗಿದ್ದರೆ ಸಾಕು. ಚಿಕ್ಕಪ್ಪನವರು ಸಂಸಾರ ಸಮೇತ ಬಂದರೆ ಕ್ಯಾಂಟೀನಿನಲ್ಲೇ ಕಾಫಿ ಕುಡಿಸಿ ಕಳುಹಿಸಿ. ಮುನಿಸಿಕೊಂಡರೆ ನನ್ನ ಹೆಸರು ಹೇಳಿ, ಹೇಗೂ ನಾನು ದೂರದಲ್ಲಿದ್ದೇನೆ.

ಯಾವಾಗ ಮೊದಲಿನಂತಾಗುತ್ತಾನೆ ಎಂದು ಕೇಳಿದ್ದಿರಿ. ಮೊದಲ ಆರು ತಿಂಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ, ನಂತರ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ಸಿಟ್ಟು, ಮರೆವು, ಬೇಗ ದಣಿಯುವುದು ಉಳಿದುಕೊಳ್ಳಬಹುದು. ಪೂರ್ತಿ ಸರಿಹೋಗುತ್ತಾನೆ ಎಂದು ಆಣೆ ಹಾಕುವವರನ್ನೂ ಇವನಿಂದ ಇನ್ನೇನೂ ಆಗದು ಎಂದು ಈಗಲೇ ತೀರ್ಪು ಕೊಡುವವರನ್ನೂ ದೂರವಿಡಿ. ಫಿಟ್ಸ್‌ನ ಔಷಧವನ್ನು ಮಾತ್ರ, ಮನೆಗೆ ಬಂದ ಮೇಲೂ, ಡಾಕ್ಟರು ಹೇಳದೆ ನಿಲ್ಲಿಸಬಾರದು.

ಮುಂದಿನ ತಿಂಗಳು ನನಗೆ ರಜೆ ಸಿಕ್ಕಿದೆ. ಬಂದ ದಿನದಿಂದ ರಾತ್ರಿ ಪಾಳಿ ನನ್ನದು, ನೀವು ಮನೆಗೆ ಹೋಗಿ ಮಲಗಬೇಕು. ಬೇಡ ಎನ್ನಲು ಅಣ್ಣನ ಶಿಫಾರಸು ತರಬೇಡಿ, ನಡೆಯುವುದಿಲ್ಲ.

ನಿಮ್ಮ ಪ್ರೀತಿಯ ನಾದಿನಿ